ಎಂಟು ಬೋರ್ಡ್, ಫಲಿತಾಂಶ 3–1: ಫ್ರಾನ್ಸ್‌ನ ಚೆಸ್ ಲೀಗ್‌ನಲ್ಲಿ ಒಬ್ಬೊಬ್ಬರ ಆಟವನ್ನು ತೂಗುವುದು ಹೇಗೆ?

ಪ್ರಶ್ನೆ: ಫ್ರಾನ್ಸ್‌ನ ಕ್ಲಬ್ ಚೆಸ್ ಲೀಗ್ ಟಾಪ್ 16ರ ತಂಡಗಳ ಆಟಗಾರರ ಪಟ್ಟಿಯನ್ನೂ ಪ್ರತಿಯೊಬ್ಬರ ಫಲಿತಾಂಶವನ್ನೂ ಸ್ಪ್ರೆಡ್‌ಶೀಟ್‌ನಲ್ಲಿ ಬರೆದಿಡುತ್ತಿದ್ದೇನೆ. ಪಂದ್ಯ ಎಂಟು ಬೋರ್ಡಿನದು, ಅಂದರೆ ತಂಡಕ್ಕೆ ಎಂಟು ಜನ, ಆದರೆ ಫಲಿತಾಂಶ 3–1, 4–2 ಎಂದಿರುತ್ತದೆ. ಆಟಗಾರರ ಅಂಕಗಳನ್ನು ಕೂಡಿದರೆ ತಂಡದ ಅಂಕಕ್ಕೆ ಹೊಂದುವುದೇ ಇಲ್ಲ. ಇನ್ನೊಂದು ಸಂದೇಹ: ಕೆಲವರು ಹನ್ನೊಂದು ಸುತ್ತೂ ಆಡುತ್ತಾರೆ, ಕೆಲವರು ಮೂರೇ ಆಟ ಆಡಿ ಮೂರನ್ನೂ ಗೆದ್ದು ಹೋಗುತ್ತಾರೆ. ಲೀಗ್‌ನ ಅತ್ಯುತ್ತಮ ಆಟಗಾರರು ಯಾರು ಎಂದು ಹೇಳುವುದು ಹೇಗೆ?

ಉತ್ತರ: ನಿಮ್ಮ ಕೂಡುವಿಕೆ ಸರಿಯಾಗಿಯೇ ಇದೆ. ಫ್ರೆಂಚ್ ಚೆಸ್ ಫೆಡರೇಶನ್ ನಡೆಸುವ ಈ ಲೀಗ್‌ನಲ್ಲಿ ತಂಡದ ಅಂಕಕ್ಕೆ ಡ್ರಾ ಸೇರುವುದಿಲ್ಲ. ಗೆದ್ದ ಬೋರ್ಡಿಗೆ 1, ಸೋತ ಬೋರ್ಡಿಗೆ 0. ಡ್ರಾ ಆದ ಬೋರ್ಡಿನ ಮುಂದೆ ಎರಡೂ ಕಡೆ ‘ಎಕ್ಸ್’ ಎಂದು ಹಾಕಿ ಬಿಡುತ್ತಾರೆ. ಹಾಗಾಗಿ 3–1 ಎಂದರೆ ಮೂರು ಗೆಲುವು, ಒಂದು ಸೋಲು, ಉಳಿದ ನಾಲ್ಕು ಡ್ರಾ. ದೇಶಗಳ ತಂಡಗಳು ಆಡುವ ಒಲಿಂಪಿಯಾಡ್‌ನಲ್ಲಿ ಬರೆಯುವಂತೆ, ಡ್ರಾಗೆ ಅರ್ಧ ಅಂಕ ಸೇರಿಸಿ ಬರೆದರೆ ಅದೇ ಪಂದ್ಯ 5–3 ಆಗುತ್ತದೆ. ಪರಿವರ್ತನೆ ಸುಲಭ: ಎರಡೂ ಅಂಕಗಳನ್ನು ಕೂಡಿ 8ರಿಂದ ಕಳೆಯಿರಿ, ಬಂದದ್ದು ಡ್ರಾಗಳ ಸಂಖ್ಯೆ. ಅದರ ಅರ್ಧವನ್ನು ಎರಡೂ ಕಡೆಗೆ ಸೇರಿಸಿ. 4–2 ಇದ್ದರೆ ಎರಡು ಡ್ರಾ, ಅಂದರೆ 5–3. 1–0 ಇದ್ದರೆ ಏಳು ಡ್ರಾ, ಅಂದರೆ ನಾಲ್ಕೂವರೆ–ಮೂರೂವರೆ.

ಡ್ರಾ ಬಿಟ್ಟರೆ ಪಂದ್ಯ ಗೆಲ್ಲುವ ತಂಡವೇ ಬದಲಾಗಬಹುದು ಎಂಬ ಅನುಮಾನ ಬೇಡ. ಡ್ರಾ ಎರಡೂ ಕಡೆಗೆ ಸಮನಾಗಿ ಸೇರುವಂಥದ್ದು, ಆದ್ದರಿಂದ ಸೇರಿಸಿದರೂ ಬಿಟ್ಟರೂ ಅಂತರ ಅಷ್ಟೇ ಇರುತ್ತದೆ. ಬದಲಾಗುವುದು ಅಂಕಪಟ್ಟಿಯ ಮೊತ್ತ. ಪಟ್ಟಿಯಲ್ಲಿ ಪಂದ್ಯದ ಅಂಕಗಳಾದ ಮೇಲೆ ಆಡಿದ ಪಂದ್ಯಗಳು, ಅಂತರ, ಪರವಾಗಿ ಬಂದ ಅಂಕ, ವಿರುದ್ಧ ಹೋದ ಅಂಕ ಎಂಬ ಕಾಲಂಗಳು ಸಾಲಾಗಿ ಬರುತ್ತವೆ. ಏಳು ಪಂದ್ಯ, ಅಂದರೆ 56 ಬೋರ್ಡ್ ಆಡಿದ ಎರಡು ತಂಡಗಳನ್ನು ಊಹಿಸಿಕೊಳ್ಳಿ. ಒಂದರದ್ದು 20–10, ಇನ್ನೊಂದರದ್ದು 15–5. ಅರ್ಧ ಅಂಕ ಕೊಡುವ ಪದ್ಧತಿಯಲ್ಲಿ ಎರಡಕ್ಕೂ 33 ಅಂಕ, ವ್ಯತ್ಯಾಸವೇ ಕಾಣುವುದಿಲ್ಲ. ಫ್ರೆಂಚ್ ಪದ್ಧತಿಯಲ್ಲಿ ಅಂತರ ಎರಡಕ್ಕೂ +10, ಆದರೆ ಮೊದಲ ತಂಡದ ಪರ 20 ಎಂದು ಎದ್ದು ಕಾಣುತ್ತದೆ. ಯಾವ ತಂಡ ಮುಗ್ಗರಿಸಿದರೂ ಸರಿ ಎಂದು ಗೆಲುವಿಗೆ ಹೋಗುತ್ತದೆ, ಯಾವುದು ಡ್ರಾಗಳ ಮೇಲೆ ನಿಲ್ಲುತ್ತದೆ ಎಂಬುದನ್ನು ಈ ಕಾಲಂ ಒಂದೇ ನೋಟಕ್ಕೆ ಹೇಳುತ್ತದೆ. ಒಗ್ಗಿಕೊಂಡವರಿಗೆ ಇದು ಒಲಿಂಪಿಯಾಡ್ ಪಟ್ಟಿಗಿಂತ ಹೆಚ್ಚು ಮಾತಾಡುವ ಪಟ್ಟಿ.

ಪಂದ್ಯದ ಅಂಕದಲ್ಲೂ ಒಂದು ವಿಶೇಷವಿದೆ. ಪಂದ್ಯ ಗೆದ್ದರೆ 3, ಸಮವಾದರೆ 2, ಸೋತರೆ 1. ತಂಡವೇ ಬಾರದಿದ್ದರೆ 0. ಸೋತ ತಂಡಕ್ಕೆ ಅಂಕ ಬಂದಿದೆಯಲ್ಲ, ಇದು ಅಚ್ಚಿನ ತಪ್ಪಿರಬೇಕು ಎಂದುಕೊಂಡು ತಿದ್ದಬೇಡಿ.

ಇಷ್ಟೆಲ್ಲ ಪರಿವರ್ತಿಸಿದ ಮೇಲೂ ಮೊತ್ತ ಹೊಂದದಿದ್ದರೆ ಕಾರಣ ಬಹುತೇಕ ವಾಕ್‌ಓವರ್. ಆಟಗಾರ ಬಾರದೆ ಬೋರ್ಡ್ ಬಿಟ್ಟುಕೊಟ್ಟರೆ ಎದುರಾಳಿ ತಂಡಕ್ಕೆ 1 ಸಿಗುವುದರ ಜೊತೆಗೆ ಬಾರದವರ ತಂಡಕ್ಕೆ ಒಂದು ಅಂಕ ಕಡಿತವಾಗುತ್ತದೆ. ಮೂರು ಗೆಲುವು, ಎರಡು ಸೋಲು, ಮೂರು ಡ್ರಾ ಆದ ಪಂದ್ಯ ಸಾಮಾನ್ಯವಾಗಿ 3–2. ಆ ಮೂರು ಗೆಲುವಿನಲ್ಲಿ ಒಂದು ವಾಕ್‌ಓವರ್ ಆಗಿದ್ದರೆ ಅದು 3–1 ಎಂದು ದಾಖಲಾಗುತ್ತದೆ. ಆಗ 8ರಿಂದ ಕಳೆದು ಡ್ರಾ ಎಣಿಸಿದರೆ ನಾಲ್ಕು ಬಂದುಬಿಡುತ್ತದೆ, ಇರುವುದು ಮೂರೇ. ಹೀಗಾಗಿ ಪಂದ್ಯದ ಅಂಕದಿಂದ ಹಿಂದಕ್ಕೆ ಲೆಕ್ಕ ಹಾಕುವುದಕ್ಕಿಂತ ಬೋರ್ಡ್ ಬೋರ್ಡಿನ ಫಲಿತಾಂಶವನ್ನು ದಾಖಲಿಸಿ ಅಲ್ಲಿಂದ ಮೇಲಕ್ಕೆ ಕೂಡುವುದೇ ಸುರಕ್ಷಿತ. ವಾಕ್‌ಓವರ್‌ಗೆ ಪ್ರತ್ಯೇಕ ಗುರುತು ಇಟ್ಟುಕೊಳ್ಳಿ. ಅದು ತಂಡದ ಲೆಕ್ಕಕ್ಕೆ ಸೇರುತ್ತದೆ, ಆಟಗಾರರ ಬಲವನ್ನು ಅಂಕಿಯಲ್ಲಿ ಹೇಳುವ ರೇಟಿಂಗ್‌ನ ಲೆಕ್ಕಕ್ಕೆ ಸೇರುವುದಿಲ್ಲ. ಕಾಯಿ ನಡೆಸದ ಆಟ ಸಾಧನೆಯಲ್ಲ.

ಈಗ ಪಂದ್ಯದ ಹಾಳೆಯನ್ನು ಓದುವ ಬಗೆ. ಮೊದಲು ಹೆಸರಿಸಿದ ತಂಡಕ್ಕೆ ಬೆಸ ಸಂಖ್ಯೆಯ ಬೋರ್ಡ್‌ಗಳಲ್ಲಿ, ಅಂದರೆ 1, 3, 5, 7ರಲ್ಲಿ ಬಿಳಿ ಕಾಯಿ. ಬೋರ್ಡ್ ಸಂಖ್ಯೆಯ ಪಕ್ಕದಲ್ಲಿ ‘ಬಿ’ ಅಥವಾ ‘ಎನ್’ ಎಂಬ ಅಕ್ಷರ ಇರುತ್ತದೆ. ಇಲ್ಲಿ ‘ಬಿ’ ಎಂದರೆ ಬಿಳಿ, ‘ಎನ್’ ಎಂದರೆ ಕಪ್ಪು. ಇಂಗ್ಲಿಷ್ ಅಭ್ಯಾಸದಲ್ಲಿ ‘ಬಿ’ ಕಂಡ ಕಡೆ ಕಪ್ಪು ಎಂದು ಹಾಕಿಕೊಂಡು ಹೋದರೆ ಇಡೀ ಋತುವಿನ ಬಣ್ಣದ ಲೆಕ್ಕ ತಲೆಕೆಳಗಾಗುತ್ತದೆ. ಹೆಸರಿನ ಹಿಂದಿನ ಸಣ್ಣ ‘ಜಿ’ ಗ್ರ್ಯಾಂಡ್‌ಮಾಸ್ಟರ್, ‘ಎಂ’ ಇಂಟರ್‌ನ್ಯಾಷನಲ್ ಮಾಸ್ಟರ್, ‘ಎಫ್’ ಫಿಡೆ ಮಾಸ್ಟರ್ (ಫಿಡೆ ಎಂದರೆ ವಿಶ್ವ ಚೆಸ್ ಸಂಸ್ಥೆ). ರೇಟಿಂಗ್‌ನ ಮುಂದೆ ಬರುವ ದೊಡ್ಡ ‘ಎಫ್’ ಬೇರೆಯೇ: ಅದು ಫಿಡೆ ಕೊಟ್ಟ ರೇಟಿಂಗ್ ಎಂಬ ಸೂಚನೆ. ಅದೇ ಜಾಗದಲ್ಲಿ ‘ಎನ್’ ಇದ್ದರೆ ಫ್ರಾನ್ಸ್‌ನ ರಾಷ್ಟ್ರೀಯ ರೇಟಿಂಗ್, ‘ಇ’ ಇದ್ದರೆ ಅಂದಾಜಿನದು. ಟಾಪ್ 16ರಲ್ಲಿ ನಿಮಗೆ ಬಹುಮಟ್ಟಿಗೆ ‘ಎಫ್’ ಮಾತ್ರ ಸಿಗುತ್ತದೆ. ಕೆಳ ದರ್ಜೆಗಳಿಗೆ ಇಳಿದರೆ ಮೂರೂ ಬೆರೆತಿರುತ್ತವೆ, ಆಗ ಸರಾಸರಿ ತೆಗೆಯುವ ಮುನ್ನ ಅಂದಾಜಿನ ರೇಟಿಂಗ್‌ಗಳನ್ನು ಬೇರ್ಪಡಿಸಿ.

ಹೆಸರುಗಳ ವಿಚಾರದಲ್ಲಿ ಸ್ಪ್ರೆಡ್‌ಶೀಟ್ ಮಾಡುವವರು ಹೆಚ್ಚು ಎಡವುತ್ತಾರೆ. ಫ್ರೆಂಚ್ ಪಟ್ಟಿಯಲ್ಲಿ ಮನೆತನದ ಹೆಸರು ಮೊದಲು. ಮಾಕ್ಸಿಮ್ ವಾಷಿಯೆ-ಲಗ್ರಾವ್, ಮಾಕ್ಸಿಮ್ ಲಗಾರ್ದ್ ಇಬ್ಬರೂ ಫ್ರಾನ್ಸ್‌ನ ಗ್ರ್ಯಾಂಡ್‌ಮಾಸ್ಟರ್‌ಗಳು. ಎರಡನೆಯವರು 2019ರ ರಾಷ್ಟ್ರೀಯ ಚಾಂಪಿಯನ್. ಹೆಸರಿನ ಒಂದು ತುಣುಕು ಹಾಕಿ ಹುಡುಕಿದರೆ ಇವರಿಬ್ಬರ ಆಟಗಳು ಬೆರೆಯುವುದು ಸುಲಭ. ಮತ್ತ್ಯೊ ಕೊರ್ನೆಟ್, ದೈಮಾಂತೆ ಕೊರ್ನೆಟ್ ದಂಪತಿ. ಮೊದಲಕ್ಷರ ಬಿಟ್ಟು ‘ಕೊರ್ನೆಟ್’ ಎಂದಷ್ಟೇ ಬರೆದರೆ ಯಾರದೆಂದು ತಿಳಿಯದು. ಮೇಲಾಗಿ ದೈಮಾಂತೆ ಅವರು ಹಿಂದೆ ಲಿಥುವೇನಿಯಾ ಪರ ದೌಲಿತೆ ಎಂಬ ಹೆಸರಿನಲ್ಲಿ ಆಡಿದವರು, ಹಳೆಯ ಋತುಗಳಲ್ಲಿ ಅದೇ ವ್ಯಕ್ತಿ ಬೇರೆ ಹೆಸರಿನಲ್ಲಿ ಸಿಗುತ್ತಾರೆ. ಮಾರ್ಕಾಂದ್ರಿಯಾ ಮೌರಿಜ್ಜಿ ಅವರ ಹೆಸರಿನ ರೋಮನ್ ಬರಹದ ನಡುವೆ ಅಪಾಸ್ಟ್ರಫಿ ಇದೆ. ಒಂದು ಕಡೆ ನೇರ ಚಿಹ್ನೆ, ಇನ್ನೊಂದು ಕಡೆ ಬಾಗಿದ ಚಿಹ್ನೆ ಇದ್ದರೆ ಸ್ಪ್ರೆಡ್‌ಶೀಟ್‌ಗೆ ಅವರು ಇಬ್ಬರು ಆಟಗಾರರು. ಪರಿಹಾರ ಒಂದೇ: ಹೆಸರನ್ನು ಗುರುತಾಗಿ ಬಳಸಬೇಡಿ. ಪ್ರತಿ ಆಟಗಾರರಿಗೂ ಫಿಡೆ ಸಂಖ್ಯೆ ಇದೆ, ಫ್ರೆಂಚ್ ಫೆಡರೇಶನ್ನಿನಲ್ಲಿ ಒಂದು ಅಕ್ಷರ ಮತ್ತು ಐದು ಅಂಕಿಗಳ ಸಂಕೇತವೂ ಇದೆ. ಫಿಡೆ ಸಂಖ್ಯೆಯನ್ನು ಮೊದಲ ಕಾಲಂನಲ್ಲಿಟ್ಟು ಹೆಸರನ್ನು ಓದುವುದಕ್ಕೆ ಮಾತ್ರ ಇಟ್ಟುಕೊಳ್ಳಿ.

ತಂಡದ ಪಟ್ಟಿ ಯಾಕೆ ಅಷ್ಟು ಉದ್ದ, ಬೋರ್ಡ್ ಕ್ರಮ ಯಾಕೆ ಸುತ್ತಿನಿಂದ ಸುತ್ತಿಗೆ ಬದಲಾಗುತ್ತದೆ ಎಂಬುದಕ್ಕೆ ಉತ್ತರ ಲೀಗ್‌ನ ನಿಯಮಾವಳಿಯಲ್ಲಿದೆ. ಅದನ್ನು ‘ಎ02’ ಎಂದು ಕರೆಯುತ್ತಾರೆ. ಪ್ರತಿ ಋತುವಿಗೂ ಪರಿಷ್ಕೃತ ಪ್ರತಿ ಬರುವುದರಿಂದ ನೀವು ದಾಖಲಿಸುವ ವರ್ಷದ ಪ್ರತಿಯನ್ನೇ ನೋಡಿ. ಆಟಗಾರರನ್ನು ರೇಟಿಂಗ್ ಇಳಿಯುವ ಕ್ರಮದಲ್ಲಿ ಕೂರಿಸಬೇಕು, ಆದರೆ ಇಬ್ಬರ ನಡುವಿನ ಅಂತರ 100ರೊಳಗಿದ್ದರೆ ಕ್ಯಾಪ್ಟನ್ ಅದಲು ಬದಲು ಮಾಡಬಹುದು. 2610, 2570, 2530 ರೇಟಿಂಗ್‌ನ ಮೂವರು ಯಾವ ಕ್ರಮದಲ್ಲಾದರೂ ಕೂರಬಹುದು. 2480ರವರು 2610ರವರ ಮೇಲೆ ಕೂರುವಂತಿಲ್ಲ. ಎದುರಾಳಿಯ ಸಿದ್ಧತೆ ತಪ್ಪಿಸಲು, ಬಿಳಿ ಕಾಯಿಯಲ್ಲಿ ಗೆಲ್ಲಬಲ್ಲವರನ್ನು ಬಿಳಿ ಸಿಗುವ ಬೋರ್ಡಿಗೆ ತರಲು ಕ್ಯಾಪ್ಟನ್‌ಗಳು ಈ ಅವಕಾಶವನ್ನು ಚೆನ್ನಾಗಿ ಬಳಸುತ್ತಾರೆ. ನಿಮ್ಮ ದಾಖಲೆಯಲ್ಲಿ ಆಟಗಾರರ ಮುಂದೆ ಒಂದೇ ಬೋರ್ಡ್ ಸಂಖ್ಯೆ ಬರೆದುಬಿಟ್ಟರೆ ಈ ಚಲನೆ ಪೂರ್ತಿ ಕಳೆದುಹೋಗುತ್ತದೆ.

ಎಂಟು ಜನರಲ್ಲಿ ಕನಿಷ್ಠ ಒಬ್ಬ ಮಹಿಳೆ ಇರಲೇಬೇಕು. ರೇಟಿಂಗ್ ಕ್ರಮದಿಂದಾಗಿ ಆಕೆ ಹೆಚ್ಚಾಗಿ ಕೊನೆಯಲ್ಲಿ ಕೂರುವುದರಿಂದ ಬಲಿಷ್ಠ ಕ್ಲಬ್‌ಗಳಲ್ಲಿ ಎಂಟನೇ ಬೋರ್ಡ್ ಹಲವು ಬಾರಿ ಪಂದ್ಯದ ನಿರ್ಣಾಯಕ ಜಾಗವಾಗುತ್ತದೆ. ಮೇಲಿನ ಬೋರ್ಡ್‌ಗಳು ಡ್ರಾಗಳಲ್ಲಿ ಮುಗಿದಾಗ ಅಲ್ಲಿನ ಒಂದು ಗೆಲುವು ಪಂದ್ಯವನ್ನು 1–0 ಮಾಡಿಬಿಡುತ್ತದೆ. ಇನ್ನೆರಡು ನಿಯಮಗಳು ಕೆಳ ದರ್ಜೆಗಳನ್ನು ಹಿಂಬಾಲಿಸುವಾಗ ಕೆಲಸಕ್ಕೆ ಬರುತ್ತವೆ. ಕ್ಲಬ್ಬಿನ ಮೇಲಿನ ತಂಡಕ್ಕೆ ಮೂರು ಬಾರಿ ಆಡಿದವರು ಆ ಋತುವಿನಲ್ಲಿ ಕೆಳಗಿನ ತಂಡಕ್ಕೆ ಇಳಿಯುವಂತಿಲ್ಲ. ಮತ್ತು ಒಂದು ತಂಡಕ್ಕೆ ಈಗಾಗಲೇ ಆಡಿದವರು ಅದರ ಪ್ರತಿ ಪಂದ್ಯದಲ್ಲೂ ನಿಗದಿತ ಪ್ರಮಾಣದಲ್ಲಿ ಇರಬೇಕು. ಋತುವಿನ ಕೊನೆಯ ಪಂದ್ಯಕ್ಕೆ ದೊಡ್ಡ ಹೆಸರುಗಳನ್ನು ಒಟ್ಟಿಗೆ ತಂದಿಳಿಸುವುದನ್ನು ತಡೆಯುವುದು ಇದರ ಉದ್ದೇಶ. ಫಲಿತಾಂಶ ಹಾಳೆಯಲ್ಲಿ ಆಡಿ ಗೆದ್ದ ಬೋರ್ಡ್ ಆಮೇಲೆ ಸೋಲಾಗಿ ಬದಲಾದದ್ದು ಕಂಡರೆ, ಇಂಥ ನಿಯಮವೊಂದರ ಉಲ್ಲಂಘನೆ ನಡೆದಿತ್ತೇ ಎಂದು ಮೊದಲು ನೋಡಿ.

ಟಾಪ್ 16ರ ಮಾದರಿಯನ್ನೂ ಗಮನಿಸಬೇಕು. ಹನ್ನೆರಡು ತಂಡಗಳ ಟಾಪ್ 12 ಆಗಿದ್ದ ವರ್ಷಗಳಲ್ಲಿ ಎಲ್ಲರೂ ಎಲ್ಲರ ವಿರುದ್ಧ, ಹನ್ನೊಂದು ಸುತ್ತು. ಹದಿನಾರು ತಂಡಗಳಿದ್ದಾಗ ಎಂಟರ ಎರಡು ಗುಂಪು, ಅಲ್ಲಿ ಏಳು ಸುತ್ತು. ನಂತರ ಪ್ರತಿ ಗುಂಪಿನ ಮೇಲಿನ ನಾಲ್ವರು ಒಂದು ಕಡೆ, ಕೆಳಗಿನ ನಾಲ್ವರು ಒಂದು ಕಡೆ ಸೇರಿ ಇನ್ನೊಂದು ಗುಂಪಿನವರ ಜೊತೆ ನಾಲ್ಕು ಸುತ್ತು ಆಡುತ್ತಾರೆ. ಜೊತೆಯಲ್ಲಿ ಬಂದ ಮೂರು ತಂಡಗಳ ವಿರುದ್ಧದ ಹಳೆಯ ಫಲಿತಾಂಶ ಉಳಿದುಕೊಳ್ಳುತ್ತದೆ. ಆದ್ದರಿಂದ ಅಂತಿಮ ಪಟ್ಟಿಯಲ್ಲಿ ತಂಡದ ಲೆಕ್ಕ ಏಳು ಪಂದ್ಯದ್ದು, ಆಟಗಾರರ ಲೆಕ್ಕ ಹನ್ನೊಂದರದ್ದು. ಮೊತ್ತ ಹೊಂದದಿರುವುದಕ್ಕೆ ಇದೂ ಒಂದು ಕಾರಣ. ಪ್ರತಿ ಆಟದ ಸಾಲಿಗೂ ಹಂತ ಯಾವುದು ಎಂಬ ಕಾಲಂ ಸೇರಿಸಿದರೆ ಎರಡನ್ನೂ ಬೇಕಾದಂತೆ ಕೂಡಬಹುದು.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ: ಯಾರು ಚೆನ್ನಾಗಿ ಆಡಿದರು? ಶೇಕಡಾವಾರು ಅಂಕದಿಂದ ಇದನ್ನು ನಿರ್ಧರಿಸುವುದು ತಂಡದ ಚೆಸ್‌ನಲ್ಲಿ ಅನ್ಯಾಯ. ಮುಕ್ತ ಟೂರ್ನಿಯಲ್ಲಿ ಗೆದ್ದಂತೆಲ್ಲ ಎದುರಾಳಿ ಗಟ್ಟಿಯಾಗುತ್ತಾ ಹೋಗುತ್ತಾರೆ, ತಪ್ಪು ತಾನಾಗಿ ಸರಿಹೋಗುತ್ತದೆ. ಇಲ್ಲಿ ಹಾಗಿಲ್ಲ. ಯಾವ ತಂಡದಲ್ಲಿದ್ದೀರಿ, ಯಾವ ಬೋರ್ಡಿನಲ್ಲಿ ಕೂತಿದ್ದೀರಿ ಎಂಬುದೇ ಎದುರಾಳಿಯನ್ನು ಗೊತ್ತುಮಾಡುತ್ತದೆ. ಪ್ಯಾರಿಸ್‌ನ ಎನ್‌ಎಒ ಕ್ಲಬ್ ವಿಶ್ವದರ್ಜೆಯ ಆಟಗಾರರನ್ನು ಕಲೆಹಾಕಿ 2003 ಮತ್ತು 2004ರಲ್ಲಿ ಯುರೋಪಿಯನ್ ಕ್ಲಬ್ ಕಪ್ಪನ್ನೇ ಗೆದ್ದಿತ್ತು. ಅಂಥ ತಂಡದ ಕೆಳಗಿನ ಬೋರ್ಡಿನಲ್ಲಿ ಕೂತವರಿಗೆ ದೇಶೀಯ ಲೀಗ್‌ನಲ್ಲಿ ತಮಗಿಂತ ಬಹಳ ಕೆಳಗಿನ ಎದುರಾಳಿಗಳೇ ಸಿಗುತ್ತಾರೆ.

ಒಂದು ಲೆಕ್ಕ ನೋಡಿ. ಆಟಗಾರ ‘ಕ’ ಬಲಿಷ್ಠ ಕ್ಲಬ್ಬಿನ ಏಳನೇ ಬೋರ್ಡ್, ರೇಟಿಂಗ್ 2520, ಎದುರಾಳಿಗಳ ಸರಾಸರಿ 2320. ಹನ್ನೊಂದಕ್ಕೆ 8 ಅಂಕ, ಶೇ 73. ಆಟಗಾರ ‘ಖ’ ಕೆಳಗೆ ಬೀಳುವ ಭಯದಲ್ಲಿರುವ ಕ್ಲಬ್ಬಿನ ಮೊದಲ ಬೋರ್ಡ್, ರೇಟಿಂಗ್ 2560, ಎದುರಾಳಿಗಳ ಸರಾಸರಿ 2650. ಹನ್ನೊಂದಕ್ಕೆ ನಾಲ್ಕೂವರೆ, ಶೇ 41. ಫಿಡೆಯ ಕೋಷ್ಟಕದಂತೆ 200 ಅಂಕ ಮೇಲಿರುವವರಿಂದ ಪ್ರತಿ ಆಟಕ್ಕೆ 0.76 ನಿರೀಕ್ಷೆ. ಹನ್ನೊಂದಕ್ಕೆ 8.36. ‘ಕ’ ಅದಕ್ಕಿಂತ 0.36 ಕಡಿಮೆ ತಂದರು. 90 ಅಂಕ ಕೆಳಗಿರುವವರಿಂದ ಪ್ರತಿ ಆಟಕ್ಕೆ 0.38 ನಿರೀಕ್ಷೆ, ಹನ್ನೊಂದಕ್ಕೆ 4.18. ‘ಖ’ ಅದಕ್ಕಿಂತ 0.32 ಹೆಚ್ಚು ತಂದರು. ಸಾಧನಾ ರೇಟಿಂಗ್, ಅಂದರೆ ಈ ಫಲಿತಾಂಶ ಎಷ್ಟು ರೇಟಿಂಗ್‌ನ ಆಟಕ್ಕೆ ಸಮ ಎಂಬ ಅಂಕಿ, ತೆಗೆದರೂ ಅದೇ ಕಥೆ: ‘ಕ’ 2495, ‘ಖ’ 2585. ಶೇಕಡಾವಾರು ಪಟ್ಟಿಯಲ್ಲಿ ಮೇಲೆ ಇರುವವರು ರೇಟಿಂಗ್ ಕಳೆದುಕೊಂಡು ಮನೆಗೆ ಹೋದರು.

ನಿಮ್ಮ ಪಟ್ಟಿಯನ್ನು ಈ ವ್ಯತ್ಯಾಸದ ಮೇಲೆ, ಅಂದರೆ ಪಡೆದ ಅಂಕದಿಂದ ನಿರೀಕ್ಷಿತ ಅಂಕ ಕಳೆದು ಬರುವ ಸಂಖ್ಯೆಯ ಮೇಲೆ ಜೋಡಿಸಿ. ಸರಾಸರಿಯಿಂದ ತೆಗೆಯುವುದು ಅಂದಾಜಿಗೆ ಸಾಕು. ನಿಖರತೆ ಬೇಕಿದ್ದರೆ ಒಂದೊಂದು ಆಟಕ್ಕೂ ಬೇರೆಬೇರೆಯಾಗಿ ನಿರೀಕ್ಷೆ ತೆಗೆದು ಕೂಡಬೇಕು, ಏಕೆಂದರೆ 2650ಕ್ಕಿಂತ ಕೆಳಗಿನ ಆಟಗಾರರಿಗೆ 400 ಮೀರಿದ ಅಂತರವನ್ನು ಫಿಡೆ 400 ಎಂದೇ ಹಿಡಿಯುತ್ತದೆ. ರೇಟಿಂಗ್ ಏರಿಕೆಯ ಅಂಕಿಯನ್ನೇ ನೇರವಾಗಿ ಹೋಲಿಸಬೇಡಿ. ಈ ವ್ಯತ್ಯಾಸವನ್ನು ‘ಕೆ’ ಗುಣಕದಿಂದ ಗುಣಿಸಿದರೆ ಆ ಏರಿಕೆ ಬರುತ್ತದೆ: ಒಮ್ಮೆ 2400 ಮುಟ್ಟಿದವರಿಗೆ ‘ಕೆ’ 10, ಮುಟ್ಟದವರಿಗೆ 20, 2300ರೊಳಗಿನ ಹದಿನೆಂಟು ವಯಸ್ಸಿನ ಒಳಗಿನವರಿಗೆ 40. ಅದೇ 0.3 ಅಂಕದ ಮುನ್ನಡೆ ಒಬ್ಬರಿಗೆ 3 ಆಗಿ, ಬಾಲಕನೊಬ್ಬನಿಗೆ 12 ಆಗಿ ಕಾಣುತ್ತದೆ. ಎದುರಾಳಿಯ ರೇಟಿಂಗ್ ಯಾವ ತಿಂಗಳದ್ದು ಎಂಬುದೂ ಮುಖ್ಯ. ಕೆಳಗಿನ ರಾಷ್ಟ್ರೀಯ ದರ್ಜೆಗಳು ತಿಂಗಳುಗಟ್ಟಲೆ ಹರಡಿಕೊಂಡು ನಡೆಯುತ್ತವೆ, ಫಿಡೆ ಪಟ್ಟಿ ಪ್ರತಿ ತಿಂಗಳೂ ಹೊಸದು. ಆಟದ ದಿನ ಹಾಳೆಯಲ್ಲಿದ್ದ ಅಂಕಿಯನ್ನೇ ಬರೆದಿಡಿ, ಋತು ಮುಗಿದ ಮೇಲೆ ಈಗಿನ ರೇಟಿಂಗ್ ತಂದು ತುಂಬಬೇಡಿ.

ಮೂರಕ್ಕೆ ಮೂರು ಗೆದ್ದ ಅತಿಥಿ ಆಟಗಾರರ ವಿಚಾರ. ಪೂರ್ಣಾಂಕಕ್ಕೆ ಫಿಡೆಯ ಕೋಷ್ಟಕ ಎದುರಾಳಿಗಳ ಸರಾಸರಿಗೆ 800 ಸೇರಿಸುತ್ತದೆ. 2300ರ ಮೂವರನ್ನು ಸೋಲಿಸಿದರೆ ಸಾಧನೆ 3100 ಎಂದು ಬರುತ್ತದೆ, ಭೂಮಿಯ ಮೇಲೆ ಯಾರೂ ಮುಟ್ಟದ ಅಂಕಿ. ಸಣ್ಣ ಮಾದರಿಯ ಅಲುಗಾಟ ಎಷ್ಟೆಂದು ಲೆಕ್ಕ ಹಾಕಬಹುದು. ಸಮಬಲರ ನಡುವೆ ಅರ್ಧದಷ್ಟು ಆಟ ಡ್ರಾ ಆಗುತ್ತವೆ ಎಂದಿಟ್ಟುಕೊಂಡರೆ, ಹನ್ನೊಂದು ಆಟದ ಸಾಧನಾ ರೇಟಿಂಗ್ ಅದೃಷ್ಟದಿಂದಲೇ ಸುಮಾರು 75 ಅಂಕ ಅತ್ತಿತ್ತ ಹೋಗುತ್ತದೆ. ನಾಲ್ಕು ಆಟಕ್ಕಾದರೆ ಸುಮಾರು 125. ಹೀಗಾಗಿ ‘ಅತ್ಯುತ್ತಮ’ ಪಟ್ಟಿಗೆ ಕನಿಷ್ಠ ಏಳು ಆಡಿದ ಆಟಗಳ ಮಿತಿ ಇಡಿ. ಅದಕ್ಕಿಂತ ಕಡಿಮೆ ಆಡಿದವರನ್ನು ಬೇರೆ ಪಟ್ಟಿಯಲ್ಲಿ ತೋರಿಸಿ, ಅವರ ಸಾಧನಾ ರೇಟಿಂಗ್ ಬರೆಯಬೇಡಿ, ಅಂಕ ಮತ್ತು ಎದುರಾಳಿಗಳ ಹೆಸರು ಸಾಕು. ಹನ್ನೊಂದು ದಿನವೂ ಬೋರ್ಡಿನ ಮುಂದೆ ಕೂತವರ ಶ್ರಮವನ್ನು ವಾರಾಂತ್ಯಕ್ಕೆ ಬಂದುಹೋದವರ ಜೊತೆ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಸರಿಯಲ್ಲ.

ಹನ್ನೊಂದೂ ಸುತ್ತು ಆಡುವವರಲ್ಲಿ ನಾರ್ಮ್, ಅಂದರೆ ಬಿರುದಿಗೆ ಬೇಕಾದ ಅರ್ಹತಾ ಸಾಧನೆಯ ಬೆನ್ನತ್ತಿದ ಯುವಕರು ಇರುತ್ತಾರೆ. ಗ್ರ್ಯಾಂಡ್‌ಮಾಸ್ಟರ್ ನಾರ್ಮ್‌ಗೆ ಸಾಮಾನ್ಯವಾಗಿ ಒಂಬತ್ತು ಆಟವಾದರೂ ಬೇಕು, ಎದುರಾಳಿಗಳಲ್ಲಿ ಮೂರನೇ ಒಂದು ಭಾಗ ಗ್ರ್ಯಾಂಡ್‌ಮಾಸ್ಟರ್‌ಗಳಿರಬೇಕು, ಸಾಧನೆ 2600 ಮುಟ್ಟಬೇಕು. ಎದುರಾಳಿಗಳ ಸರಾಸರಿ 2530 ಇದ್ದರೆ ಹನ್ನೊಂದಕ್ಕೆ 7 ತಂದವರಿಗೆ 2632, ಆರೂವರೆ ತಂದವರಿಗೆ 2595. ಅರ್ಧ ಅಂಕದಲ್ಲಿ ನಾರ್ಮ್ ಕೈತಪ್ಪುತ್ತದೆ.

ಇಲ್ಲಿಯೇ ತಂಡದ ಹಿತ, ಆಟಗಾರರ ಹಿತ ಬೇರೆಯಾಗುವುದು. ಫಿಡೆ ನಿಯಮದಂತೆ ಕ್ಯಾಪ್ಟನ್ ತನ್ನ ಆಟಗಾರರಿಗೆ ಡ್ರಾ ಕೇಳು, ಡ್ರಾ ಒಪ್ಪಿಕೋ ಎಂದು ಪಂದ್ಯದ ಸ್ಥಿತಿ ನೋಡಿ ಹೇಳಬಹುದು, ಬೋರ್ಡಿನ ಮೇಲಿನ ಸ್ಥಿತಿಯ ಬಗ್ಗೆ ಮಾತ್ರ ತುಟಿ ಬಿಚ್ಚುವಂತಿಲ್ಲ. ತಂಡ 2–1ರಲ್ಲಿದ್ದು ಉಳಿದಿರುವುದು ಒಂದೇ ಬೋರ್ಡ್ ಆಗಿದ್ದರೆ, ಅಲ್ಲಿ ಸ್ವಲ್ಪ ಮೇಲುಗೈ ಇರುವವರಿಗೂ ಡ್ರಾ ಮಾಡು ಎಂಬ ಸೂಚನೆ ಬರುತ್ತದೆ. ನಿಮ್ಮ ಪಟ್ಟಿಯಲ್ಲಿ ಅದು 2400ರವರ ಜೊತೆ ಕಳೆದುಕೊಂಡ ಅರ್ಧ ಅಂಕವಾಗಿ ಮಾತ್ರ ಉಳಿಯುತ್ತದೆ. ಇದನ್ನು ಪೂರ್ತಿ ಸರಿಪಡಿಸುವ ಸೂತ್ರವಿಲ್ಲ, ಆದರೆ ಪ್ರತಿ ಆಟದ ಸಾಲಿನಲ್ಲಿ ಪಂದ್ಯದ ಅಂತಿಮ ಅಂಕ ಮತ್ತು ಆಟದ ನಡೆಗಳ ಸಂಖ್ಯೆ ಇದ್ದರೆ ಅಂಥ ಡ್ರಾಗಳನ್ನು ಗುರುತಿಸಬಹುದು. ಒಂದು ಅಂಕದ ಅಂತರದಲ್ಲಿ ಗೆದ್ದ ಪಂದ್ಯ, ಉದ್ದದ ಆಟ, ಕೆಳಗಿನ ರೇಟಿಂಗ್‌ನ ಎದುರಾಳಿ ಮೂರೂ ಕೂಡಿಬಂದರೆ ಆಟವನ್ನು ಒಮ್ಮೆ ತೆರೆದು ನೋಡಿ, ಪಕ್ಕದಲ್ಲಿ ಟಿಪ್ಪಣಿ ಬರೆಯಿರಿ.

ಕೊನೆಗೆ ಸ್ಪ್ರೆಡ್‌ಶೀಟ್‌ನ ರೂಪ. ಆಟಗಾರರಿಗೊಂದು ಸಾಲು ಎಂಬ ಈಗಿನ ಕ್ರಮ ಬಿಟ್ಟು ಆಟಕ್ಕೆ ಎರಡು ಸಾಲು ಮಾಡಿ, ಪ್ರತಿ ಆಟಗಾರರ ಕಡೆಯಿಂದ ಒಂದು. ಋತು, ಹಂತ, ಸುತ್ತು, ತಂಡ, ಎದುರಾಳಿ ತಂಡ, ಬೋರ್ಡ್, ಬಣ್ಣ, ಫಿಡೆ ಸಂಖ್ಯೆ, ಅಂದಿನ ರೇಟಿಂಗ್, ಎದುರಾಳಿಯ ಫಿಡೆ ಸಂಖ್ಯೆ ಮತ್ತು ರೇಟಿಂಗ್, ಫಲಿತಾಂಶ, ವಾಕ್‌ಓವರ್ ಗುರುತು, ನಿರೀಕ್ಷಿತ ಅಂಕ, ಜೊತೆಗೆ ಪಂದ್ಯದ ಅಂತಿಮ ಅಂಕ ಮತ್ತು ನಡೆಗಳ ಸಂಖ್ಯೆ. ಎಂಟು ಬೋರ್ಡಿನ ಒಂದು ಪಂದ್ಯಕ್ಕೆ 16 ಸಾಲು ಬರಬೇಕು. ಬಂದಿದೆಯೇ ಎಂದು ಮೊದಲು ಎಣಿಸಿ. ವಾಕ್‌ಓವರ್ ಸೇರಿದಂತೆ ಆ 16 ಸಾಲುಗಳ ಫಲಿತಾಂಶ, ಗೆಲುವಿಗೆ 1, ಡ್ರಾಗೆ ಅರ್ಧದಂತೆ, ಒಟ್ಟು 8 ಆಗಬೇಕು. ಆಡಿದ ಆಟಗಳಲ್ಲಿ, 2650 ಮುಟ್ಟಿದವರು ತಮಗಿಂತ 400ಕ್ಕೂ ಹೆಚ್ಚು ಕೆಳಗಿನವರ ಜೊತೆ ಆಡಿದ್ದನ್ನು ಬಿಟ್ಟರೆ, ಎರಡೂ ಕಡೆಯ ನಿರೀಕ್ಷಿತ ಅಂಕಗಳ ಮೊತ್ತ ಆಟಕ್ಕೆ 1ರಂತೆ ಬರಬೇಕು. ಬಾರದಿದ್ದರೆ ರೇಟಿಂಗ್ ಒಂದನ್ನು ತಪ್ಪಾಗಿ ಹಾಕಿದ್ದೀರಿ ಎಂದರ್ಥ, ಆ ಪಂದ್ಯದ ಹಾಳೆಗೆ ಮರಳಿ ಹೋಗಿ ನೋಡಿ.